ಕಂಬಿಪುರಾಣ

ಕಂಬವು ನೆಟ್ಟಗೆ ನಿಲ್ಲತಕ್ಕ ವಸ್ತು. ಅದಕ್ಕೆ ನಾಮಸಾಮ್ಯವುಳ್ಳ ಕಂಬಿಯಾದರೋ ಬಹುಮಟ್ಟಿಗೆ ಶಯನಪ್ರಿಯ. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಯವರೆಗೆ ಉಗಿಬಂಡಿ ಓಡಿದುದು ಹೀಗೆ ಜೋಡಿಯಾಗಿ ಪವಡಿಸಿದ ಕಂಬಿಗಳ ಮೇಲೆಯೇ. ಬ್ರಾಡ್‌ಗೇಜಿನಲ್ಲಿ ಇವುಗಳ ನಡುವಣ ಅಂತರ 1676 ಮಿಲಿಮೀಟರು, ಅದಕ್ಕಿಂತ ಹೆಚ್ಚಿನ ಸಾಮೀಪ್ಯವನ್ನು ಬಯಸದೆ ಯೋಜನಗಟ್ಟಲೆ ಜೊತೆಗಿರುವ ಅವುಗಳ ದಾಂಪತ್ಯವು ಅನುಕರಣೀಯವೆಂದು ನನ್ನ ಅಭಿಪ್ರಾಯ (ಮನೆಯಲ್ಲಿ ಇದನ್ನು ಹೇಳಿಲ್ಲ).

ಆದರೆ ರೈಲು ಬರುವುದಕ್ಕೆ ಮೊದಲೇ ಈ ಶಬ್ದಕ್ಕೆ ಪೂಜ್ಯತೆಯಿದ್ದಿತು. ಯುಗಾದಿಯ ಕಾಲಕ್ಕೆ ಶ್ರೀಶೈಲದ ಮಲ್ಲಯ್ಯನೆಡೆಗೆ ಕಾಲ್ನಡೆಯಲ್ಲಿ ಸಾಗುವ ಉತ್ತರ ಕರ್ನಾಟಕದ ಭಕ್ತರು ಹೆಗಲ ಮೇಲೆ ಹೊರುವ ಅಲಂಕೃತವಾದ ಕಾವಡಿಯೂ ಕಂಬಿಯೇ. ಪಂಚೆಯ ಅಂಚಿನಲ್ಲಿ ಅದು ಬರಿಯ ಗೆರೆಯಾಗಿ ಕೃಶವಾಗುತ್ತದೆ.

ಇನ್ನು ಸೆರೆಮನೆಯ ಕಂಬಿಗಳು ನಿಂತಿರುವುವೆಂದು ಆಕ್ಷೇಪಿಸುವವರುಂಟು. ಎಣಿಸುವಾತನು ಮಲಗಿರುವನಾದುದರಿಂದ ಅವನ ದೃಷ್ಟಿಗೆ ಅವೂ ಅಡ್ಡಲೇ ಸರಿ! ಕಂಬಿ ಕೀಳಲು ತಡಮಾಡಿದವನೇ ಸಾಮಾನ್ಯವಾಗಿ ಕಂಬಿ ಎಣಿಸಬೇಕಾಗುವುದು. ಆದಕಾರಣ, ವಾಚಕ ಮಹಾಶಯರೆ, ನಿಮ್ಮಿಂದ ಸಾಲ ಪಡೆದವನು ಕಂಬಿ ಕಿತ್ತನೆಂದು ಕೇಳಿಬಂದಲ್ಲಿ, ಸ್ಟೇಷನ್ನಿಗೆ ಧಾವಿಸಿ ಹಳಿಗಳನ್ನು ಪರೀಕ್ಷಿಸುವ ಶ್ರಮವನ್ನು ದಯವಿಟ್ಟು ತೆಗೆದುಕೊಳ್ಳಬೇಡಿ, ಅವು ಸುರಕ್ಷಿತವಾಗಿರುತ್ತವೆ.