ಸಾವನದುರ್ಗಕ್ಕೆ ನಮ್ಮ ದಂಡು

1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಹಿಡಿಯಿತು. ಬಿದಿರುಮೆಳೆ ಕಡಿದು ದಾರಿ ಮಾಡಿ, ಫಿರಂಗಿ ಎಳೆಸಿ, ದಿನಗಟ್ಟಲೆ ಗುಂಡು ಹಾರಿಸಿ, ಗೋಡೆ ಬಿರುಕುಬಿಟ್ಟ ಮೇಲೆ ಹತ್ತಿದ ಆ ಸಾಹಸವನ್ನು ಇಂಗ್ಲಿಷರು ಪುಟಗಟ್ಟಲೆ ಬರೆದುಕೊಂಡಿದ್ದಾರೆ. ಬರೆದುಕೊಳ್ಳಲಿ. ನಮ್ಮ ಬೆಂಗಳೂರಿನ ದಂಡು ಅದೇ ದುರ್ಗವನ್ನು ಪ್ರತಿ ಭಾನುವಾರ ಬೆಳಿಗ್ಗೆ ಹತ್ತೂವರೆಯೊಳಗೆ ಹಿಡಿದು, ಮಧ್ಯಾಹ್ನದ ಬಿರಿಯಾನಿಗೆ ಮಾಗಡಿ ರಸ್ತೆಗೆ ಇಳಿದುಬಂದಿರುತ್ತದೆ. ಫಿರಂಗಿ ಇಲ್ಲ, ಮದ್ದುಗುಂಡು ಇಲ್ಲ. ತಲೆಗೆ ಒಂಬೈನೂರು ರೂಪಾಯಿ, ತಿಂಡಿ ಸೇರಿ. ಚರಿತ್ರೆಕಾರರು ಈ ದಂಡಯಾತ್ರೆಯನ್ನು ಇನ್ನೂ ಗಮನಿಸಿಲ್ಲವಾದ್ದರಿಂದ, ಅದರ ಕಾಲಾಳಾಗಿ ಒಮ್ಮೆ ಹೋಗಿಬಂದ ನಾನೇ ನಾಲ್ಕು ಮಾತು ಹೊಗಳಿ ಬರೆಯಬೇಕಾಗಿದೆ.

ಮೊದಲು ಎದುರಾಳಿಯ ಬಗ್ಗೆ ಹೇಳಿಬಿಡುತ್ತೇನೆ. ಎದುರಾಳಿ ಸಣ್ಣವನಾದರೆ ಗೆದ್ದವನಿಗೇನು ಮರ್ಯಾದೆ? ಬೆಂಗಳೂರಿಗೆ ಪಶ್ಚಿಮದಲ್ಲಿ, ಮಾಗಡಿ ತಾಲ್ಲೂಕಿನಲ್ಲಿರುವ ಸಾವನದುರ್ಗ ಒಂದೇ ಬಂಡೆಯ ಬೆಟ್ಟ ಎಂದು ಹೆಸರಾದದ್ದು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಹೆಗಲು. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಶಿವಗಂಗೆಯ ಹಾಗೆ ಇಲ್ಲಿ ಮೆಟ್ಟಿಲು, ಕಂಬಿ ಎಂಬ ಉಪಚಾರ ಕಡಿಮೆ. ಬೋಳು ಬಂಡೆ, ಅದರ ಮೇಲೆ ಸುಣ್ಣದ ಬಣ್ಣದ ಬಾಣದ ಗುರುತು, ಅಷ್ಟೆ. ಮಳೆ ಬಂದರೆ ಜಾರುತ್ತದೆ, ಬಿಸಿಲಾದರೆ ಒಂಬತ್ತು ಗಂಟೆಗೇ ದೋಸೆ ಕಾವಲಿಯಾಗುತ್ತದೆ. ಮರ ಹುಡುಕಿದರೆ ಬುಡದಲ್ಲಿದೆ, ಅಂದರೆ ನೀವು ಬಿಟ್ಟುಬಂದ ಕಡೆ. ಈ ಬೆಟ್ಟಕ್ಕೆ ಮುತ್ತಿಗೆ ಹಾಕಲು ಇಂಗ್ಲಿಷರು ಹೊರಟರೆಂದು ಕೇಳಿ ಟಿಪ್ಪು ಸುಲ್ತಾನ್ ಸಂತೋಷಪಟ್ಟನಂತೆ. ಅರ್ಧ ಸೈನ್ಯ ಕಾಡಿನ ಜ್ವರಕ್ಕೆ ಹೋಗುತ್ತದೆ, ಉಳಿದರ್ಧ ಬಂಡೆಗೆ ಹೋಗುತ್ತದೆ ಎಂಬುದು ಅವನ ಲೆಕ್ಕ. ಹೆಸರಿನಲ್ಲೇ ಸಾವಿದೆ ಎಂದು ನಂಬಿ ಇಂಗ್ಲಿಷ್ ಬರಹಗಾರರು ಇದನ್ನು ಸಾವಿನ ಬಂಡೆ ಎಂದೂ ಕರೆದರು. ನಮ್ಮ ಟ್ರೆಕ್ಕಿಂಗ್ ಗುಂಪಿನ ವಾಟ್ಸಾಪ್ ಸಂದೇಶದಲ್ಲಿ ಇದಕ್ಕೆ ‘ಈಸಿ ಟು ಮಾಡರೇಟ್’ ಎಂದು ಬರೆದಿತ್ತು. ಕೊನೆಗೆ ಎರಡು ಬೆಂಕಿಯ ಚಿತ್ರ.

ಬೆಂಗಳೂರಿಗೆ ದಂಡು ಹೊಸದಲ್ಲ. 1809ರಲ್ಲಿ ಬ್ರಿಟಿಷರು ಸೈನ್ಯವನ್ನು ತಂದು ಇಲ್ಲಿ ಬೀಡುಬಿಡಿಸಿದರು. ಆ ಜಾಗದ ರೈಲು ನಿಲ್ದಾಣಕ್ಕೆ ಇವತ್ತಿಗೂ ದಂಡು ಎಂದೇ ಹೆಸರು. ಆ ದಂಡಿಗೆ ಕವಾಯತು ಇತ್ತು. ನಮ್ಮ ದಂಡಿಗೂ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಮೆಟ್ರೋ ಕಂಬದ ಕೆಳಗೆ ಸೇರಬೇಕು, ಐದಕ್ಕೆ ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ಬರುತ್ತದೆ. ಹತ್ತಿದ ಕೂಡಲೇ ಒಬ್ಬೊಬ್ಬರಾಗಿ ಎದ್ದು ಹೆಸರು, ಕಂಪನಿ, ಇದು ಎಷ್ಟನೇ ಟ್ರೆಕ್ ಎಂಬುದನ್ನು ಹೇಳಬೇಕು. ನನ್ನ ಸರದಿ ಬಂದಾಗ ‘ಮೊದಲನೆಯದು’ ಎಂದೆ. ಇಡೀ ಗಾಡಿ ಚಪ್ಪಾಳೆ ತಟ್ಟಿತು. ನಲವತ್ತೇಳು ವರ್ಷದಲ್ಲಿ ಏನನ್ನೂ ಮಾಡದೇ ಇದ್ದದ್ದಕ್ಕೆ ನನಗೆ ಸಿಕ್ಕ ಮೊದಲ ಚಪ್ಪಾಳೆ ಅದು.

ತಾವರೆಕೆರೆಯ ಬಳಿ ತಟ್ಟೆ ಇಡ್ಲಿಗೆ ಗಾಡಿ ನಿಂತಿತು. ಹತ್ತುವ ಮೊದಲು ಲಘುವಾಗಿ ತಿನ್ನಬೇಕು ಎಂದು ಲೀಡರ್ ಎಚ್ಚರಿಸಿದ್ದರಿಂದ ಎಲ್ಲರೂ ಎರಡೇ ಪ್ಲೇಟಿಗೆ ನಿಲ್ಲಿಸಿ, ಮೇಲೊಂದು ವಡೆ ಮಾತ್ರ ಹಾಕಿಸಿಕೊಂಡರು. ಸಂಯಮ ಎಂದರೆ ಇದು. ಆಯುಧಗಳ ವಿಷಯದಲ್ಲಿ ಮಾತ್ರ ಸಂಯಮ ಇರಲಿಲ್ಲ, ಇರಬಾರದು ಕೂಡ. ಮೂರು ಗಂಟೆಯ ನಡಿಗೆಗೆ ಅರವತ್ತು ಲೀಟರಿನ ಚೀಲ, ಎರಡೆರಡು ಕೋಲು, ಸೂರ್ಯ ಹುಟ್ಟಿದ ಮೇಲೂ ಹಣೆಗೆ ಕಟ್ಟಿದ ದೀಪ. ಒಬ್ಬ ತರುಣನ ಸೊಂಟದಲ್ಲಿ ಹಗ್ಗ ಸಿಕ್ಕಿಸುವ ಕೊಂಡಿಗಳು ನೇತಾಡುತ್ತಿದ್ದವು. ಹಗ್ಗ ಎಲ್ಲಿ ಎಂದು ಕೇಳಿದೆ. ‘ಹಗ್ಗ ಇನ್ನೂ ಡೆಲಿವರಿ ಆಗಿಲ್ಲ ಅಂಕಲ್’ ಎಂದ.

ನನ್ನದೂ ಕಡಿಮೆಯೇನಲ್ಲ. ಐದು ವರ್ಷದ ಹಿಂದೆ ರಿಯಾಯಿತಿಯಲ್ಲಿ ಕೊಂಡು, ಹಾಳಾಗದಿರಲೆಂದು ಒಮ್ಮೆಯೂ ಹಾಕದೆ ಅಟ್ಟದ ಮೇಲೆ ಇಟ್ಟಿದ್ದ ಬೂಟು ನನ್ನ ಕಾಲಿನಲ್ಲಿತ್ತು. ಕೋಟೆಯ ಮೊದಲ ಗೋಡೆಯ ಹತ್ತಿರ ಎಡಗಾಲಿನ ಅಟ್ಟೆ ಮುಂದಿನಿಂದ ಬಾಯಿಬಿಟ್ಟಿತು. ಎರಡನೆಯ ಗೋಡೆ ತಲುಪುವಷ್ಟರಲ್ಲಿ ಪೂರ್ತಿ ಕಳಚಿಕೊಂಡಿತು. ಬಲಗಾಲಿನದು ನಿಷ್ಠಾವಂತ, ಇಳಿಯುವವರೆಗೂ ಕಾದು ಆಮೇಲೆ ಹೋಯಿತು.

ಈಗ ಸಂಗೀತದ ವಿಷಯಕ್ಕೆ ಬರುತ್ತೇನೆ. ಬೆಟ್ಟಕ್ಕೆ ಬ್ಲೂಟೂತ್ ಸ್ಪೀಕರ್ ಒಯ್ಯುವವರನ್ನು ಪರಿಸರದವರು ಬೈಯುತ್ತಾರೆ. ಅವರಿಗೆ ಚರಿತ್ರೆ ಗೊತ್ತಿಲ್ಲ. 1791ರಲ್ಲಿ ಇಂಗ್ಲಿಷರ ಪಡೆ ಈ ಬಂಡೆಯನ್ನು ಏರುತ್ತಿದ್ದಾಗ ಕೆಳಗೆ 52ನೇ ರೆಜಿಮೆಂಟಿನ ಬ್ಯಾಂಡು ಅವರ ದೇಶಭಕ್ತಿಯ ಹಾಡೊಂದನ್ನು ನುಡಿಸುತ್ತಿತ್ತು. ಬ್ಯಾಂಡಿನ ಜೊತೆ ಹತ್ತಿದ ಆ ತುಕಡಿ ಸುಮಾರು ಒಂದು ಗಂಟೆಯಲ್ಲಿ ದುರ್ಗವನ್ನು ಹಿಡಿಯಿತು, ಒಬ್ಬನೂ ಸಾಯಲಿಲ್ಲ. ಸತ್ತವರು ಒಳಗಿದ್ದವರು. ಅವರ ಹತ್ತಿರ ಬ್ಯಾಂಡು ಇತ್ತೆಂದು ಯಾರೂ ಬರೆದಿಲ್ಲ. ಹೀಗೆ ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷದ ಪರಂಪರೆಯನ್ನು ನಮ್ಮ ಹುಡುಗರು ಹೆಗಲ ಮೇಲೆ ಹೊತ್ತು ಮುಂದುವರಿಸಿದ್ದಾರೆ. ಸುಧಾರಣೆಯೂ ಆಗಿದೆ. ಇಂಗ್ಲಿಷರಿಗೆ ಒಂದು ಸಲಕ್ಕೆ ಒಂದೇ ಹಾಡು. ನಮ್ಮಲ್ಲಿ ಹಿಂದಿನವನದು ಪಂಜಾಬಿ, ಮುಂದಿನವಳದು ತೆಲುಗು, ನಡುವೆ ಇನ್ನೊಂದು ಗುಂಪಿನ ಕನ್ನಡ ಹಾಡು, ಮೂರೂ ಒಟ್ಟಿಗೆ. ಈ ಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಅಪರೂಪದ ಹಕ್ಕಿಯಿದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಬಾಳದ ಹಕ್ಕಿ ಅದು. ಅದರ ದನಿ ಹೇಗಿರುತ್ತದೋ ಕೇಳಿ ಅಳತೆ ಮಾಡುವ ಅವಕಾಶ ನಮಗೆ ಸಿಗಲಿಲ್ಲ. ಸಿಕ್ಕಿದ್ದರೂ ಅದು ನಮ್ಮ ಸ್ಪೀಕರಿನ ಮುಂದೆ ನಿಲ್ಲುತ್ತಿರಲಿಲ್ಲ.

ಬೆಟ್ಟಕ್ಕೆ ಅದರದೇ ಆದ ಕಾಲಮಾನವಿದೆ. ಅದರ ಮೂಲಮಾನ ‘ಹತ್ತು ನಿಮಿಷ’. ಬುಡದಿಂದ ಅರ್ಧ ಗಂಟೆ ಹತ್ತಿದ ಮೇಲೆ ಇಳಿದುಬರುವವನನ್ನು ಕೇಳಿದೆ, ಹತ್ತು ನಿಮಿಷ ಎಂದ. ಮತ್ತೂ ಅರ್ಧ ಗಂಟೆಯ ಮೇಲೆ ಇನ್ನೊಬ್ಬನನ್ನು ಕೇಳಿದೆ. ಅವನೂ ಹತ್ತು ನಿಮಿಷ ಎಂದ, ಅನುಮಾನಿಸದೆ, ಪ್ರೀತಿಯಿಂದ. ಒಂದು ಗಂಟೆ ಹತ್ತಿದರೂ ದೂರ ಕಡಿಮೆಯಾಗದ ಇಂಥ ಜಾಗವನ್ನು ನಾನು ಇದಕ್ಕೆ ಮೊದಲು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮಾತ್ರ ನೋಡಿದ್ದೆ.

ಅರ್ಧದಾರಿಯಲ್ಲಿ, ಬಂಡೆಯ ನೆರಳು ಒಂದು ಮಾರು ಬಿದ್ದಿದ್ದ ಕಡೆ, ಒಬ್ಬ ಹೆಂಗಸು ಸೌತೆಕಾಯಿ ಮತ್ತು ಮಜ್ಜಿಗೆ ಇಟ್ಟುಕೊಂಡು ಕೂತಿದ್ದಳು.

‘ಇನ್ನೂ ಎಷ್ಟು ದೂರ ಅಮ್ಮ?’

‘ಬಂದ್ಬಿಡ್ತು ಕಣಪ್ಪ, ಇನ್ನೇನು. ಮಜ್ಜಿಗೆ ಕುಡಿ. ಅಯ್ಯೋ, ಆ ಕಾಲಿಗೇನಾತು?’

ಕಾಲಿಗೇನಾಯಿತೆಂದು ಹೇಳಿದೆ. ಆಕೆ ಚೀಲದ ಬಾಯಿಗೆ ಕಟ್ಟಿದ್ದ ಸಣಬಿನ ಹುರಿ ಬಿಚ್ಚಿ, ನನ್ನ ಬೂಟಿಗೆ ಅಟ್ಟೆ ಸೇರಿಸಿ ಮೂರು ಸುತ್ತು ಬಿಗಿದಳು. ಮಜ್ಜಿಗೆಗೆ ಇಪ್ಪತ್ತು ರೂಪಾಯಿ, ಹುರಿಗೆ ಏನೂ ಬೇಡ ಎಂದಳು. ಇಷ್ಟೆಲ್ಲ ಇದ್ದರೂ ಆಕೆಯನ್ನು ಈ ಬರಹದಲ್ಲಿ ಹೊಗಳುವಂತಿಲ್ಲ. ಬೆಳಗಿನ ಆರೂವರೆಗೇ ಬಿಂದಿಗೆ ಮತ್ತು ಮೂಟೆ ಹೊತ್ತು ಹವಾಯಿ ಚಪ್ಪಲಿಯಲ್ಲಿ ಬಂದು ಕೂತಿದ್ದಳು, ದಿನವೂ ಬರುತ್ತಾಳೆ, ನಿಜ. ಆದರೆ ಹತ್ತಿದ್ದಕ್ಕೆ ಆಕೆಯ ಹತ್ತಿರ ಏನು ದಾಖಲೆಯಿದೆ? ಹೆಜ್ಜೆ ಎಣಿಸುವ ಗಡಿಯಾರವಿಲ್ಲ, ನಕ್ಷೆಯ ಮೇಲೆ ಕಿತ್ತಳೆ ಗೆರೆಯಿಲ್ಲ, ಒಂದು ಸ್ಟೇಟಸ್ ಸಹ ಇಲ್ಲ. ನಮ್ಮ ಲೀಡರ್ ನಿಯಮದ ಮನುಷ್ಯ. ದಾಖಲಾಗದ ಏರಿಕೆಯನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದಾಖಲೆ ಎಂದಾಗ ಶಾಸನಗಳ ಮಾತು ಬಂತು. ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ಕಾಲದ, 1340ರ ಶಾಸನದಲ್ಲಿ ಈ ಜಾಗಕ್ಕೆ ಸಾವಂದಿ ಎಂಬ ಹೆಸರಿದೆ. ಆಮೇಲೆ ಮಾಗಡಿಯ ಕೆಂಪೇಗೌಡರ ಮನೆತನ ಇದನ್ನು ಆಳಿತು. 1728ರಲ್ಲಿ ಮೈಸೂರಿನವರು ಅವರಿಂದ ಕಿತ್ತುಕೊಂಡರು. ಇಷ್ಟು ಜನ ಆಳಿಹೋದರೂ ಏರುವ ದಾರಿಯ ಬಂಡೆಗಳನ್ನು ಖಾಲಿ ಬಿಟ್ಟದ್ದು ಅವರ ಸೋಮಾರಿತನವೇ ಸರಿ. ಆ ಕೊರತೆಯನ್ನು ಈಗ ಎನಾಮಲ್ ಪೇಂಟಿನಲ್ಲಿ ನೀಗಿಸಲಾಗಿದೆ. ಹಳೆಯ ಶಾಸನ ಓದಬೇಕಾದರೆ ಹಳಗನ್ನಡ ಬೇಕು, ಲಿಪಿ ಗೊತ್ತಿರಬೇಕು, ಯಾರು ಯಾರಿಗೆ ಏನು ಕೊಟ್ಟರೆಂದು ಪಂಡಿತರು ಜಗಳವಾಡಬೇಕು. ಹೊಸ ಶಾಸನದಲ್ಲಿ ಎರಡು ಹೆಸರು, ನಡುವೆ ಒಂದು ಹೃದಯ. ಕೊಟ್ಟದ್ದೇನೆಂಬುದು ಚಿತ್ರದಲ್ಲೇ ಇದೆ. ಒಂದು ಕಡೆ ಹುಡುಗಿಯ ಹೆಸರಿನ ಮೇಲೆ ಕರಿ ಬಣ್ಣ ಬಳಿದು ಬೇರೆ ಹೆಸರು ಬರೆದಿತ್ತು. ರಾಜ್ಯ ಕೈಬದಲಾದದ್ದು ಇಷ್ಟು ಸ್ಪಷ್ಟವಾಗಿ ತಿಳಿಯುವ ಶಾಸನ ಹೊಯ್ಸಳರಲ್ಲಿ ನಾನು ಕಂಡಿಲ್ಲ.

ತುದಿಯಲ್ಲಿ ನಾಲ್ಕು ಕಂಬದ ಮಂಟಪ, ಅದರಲ್ಲೊಂದು ನಂದಿ. ಅಲ್ಲಿಂದ ಕೆಳಗೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಕಾಣುತ್ತದೆ ಎಂದು ಕೇಳಿದ್ದೆ. ನಮಗೆ ಕಂಡದ್ದು ಸಾಲು. ಮಂಟಪದ ಪಕ್ಕದ ಒಂದು ಬಂಡೆಯ ಅಂಚಿನಲ್ಲಿ ಕೈ ಚಾಚಿ, ಬೆನ್ನು ತೋರಿಸಿ ನಿಂತರೆ ಹಿಂದೆ ಯಾರೂ ಇಲ್ಲದ ಹಾಗೆ ಚಿತ್ರ ಬರುತ್ತದೆ. ಏಕಾಂತದ ಆ ಚಿತ್ರಕ್ಕೆ ಮೂವತ್ತು ಜನ ಕಾಯುತ್ತಿದ್ದರು. ಕಾರ್ನ್‌ವಾಲಿಸನ ಇಡೀ ಸೈನ್ಯದ ಜೊತೆ ಬಂದವನು ರಾಬರ್ಟ್ ಹೋಮ್ ಎಂಬ ಒಬ್ಬ ಚಿತ್ರಕಾರ. ಅವನು ಬರೆದ ಮೈಸೂರು ಸೀಮೆಯ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಬರಲು 1794ರವರೆಗೆ ಕಾಯಬೇಕಾಯಿತು. ಅವನ ಚಿತ್ರಗಳಲ್ಲಿ ಬೆಟ್ಟ ದೊಡ್ಡದು, ಮನುಷ್ಯರು ಇರುವೆಯಷ್ಟು. ಈ ತಪ್ಪನ್ನು ನಾವು ತಿದ್ದಿದ್ದೇವೆ. ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ನಂದಿಯ ಹಿಂದೆ ಕೂತ ಹುಡುಗನೊಬ್ಬ ಅಂಗೈಯಿಂದ ಫೋನು ಮುಚ್ಚಿಕೊಂಡು, ‘ಹೌದು ಸರ್, ಮನೆಯಲ್ಲೇ ಇದ್ದೀನಿ. ಫ್ಯಾನ್ ಸೌಂಡು ಸರ್’ ಎನ್ನುತ್ತಿದ್ದ. ನಂದಿ ಎಂದಿನಂತೆ ಯಾರಿಗೂ ಹೇಳಲಿಲ್ಲ.

ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಮರಬಾರ್ ಗುಹೆಗಳನ್ನು ಹುಡುಕುತ್ತ ಬಂದು ಆರಿಸಿಕೊಂಡದ್ದು ಈ ಸೀಮೆಯ ಬಂಡೆಗಳನ್ನೇ. ಚಿತ್ರ 1984ರಲ್ಲಿ ಬಂತು. ಚಿತ್ರಕ್ಕೆ ಮೂಲವಾದ ಫಾರ್ಸ್ಟರನ ಕಾದಂಬರಿಯ ಆ ಗುಹೆಯಲ್ಲಿ ಏನು ಕೂಗಿದರೂ ಒಂದೇ ಅರ್ಥವಿಲ್ಲದ ಸದ್ದು ಮರಳಿ ಬರುತ್ತದೆ. ಈಗಲೂ ಹಾಗೆಯೇ. ನಮ್ಮವರು ಬೇರೆ ಬೇರೆ ಭಾಷೆಯಲ್ಲಿ ಕೂಗಿ ನೋಡಿದರು. ಬಂಡೆ ಎಲ್ಲದಕ್ಕೂ ‘ಬ್ರೋ’ ಎಂದಿತು.

ಇಳಿಯುವುದನ್ನು ಬೇಗ ಮುಗಿಸುತ್ತೇನೆ, ಇಳಿದದ್ದೂ ಹಾಗೆಯೇ. ಹತ್ತುವಾಗ ಕಾಣದ ಇಳಿಜಾರು ಇಳಿಯುವಾಗ ಕಾಣುತ್ತದೆ. ಹುರಿ ಕಟ್ಟಿದ ಬೂಟಿನಲ್ಲಿ ನಿಲ್ಲಲಾಗದೆ, ನಾನು ಕೂತುಕೊಂಡೇ ಇಳಿಯುವ ಪದ್ಧತಿಯನ್ನು ಅನುಸರಿಸಿದೆ. ಮಕ್ಕಳಾಗಿದ್ದಾಗ ಎಲ್ಲರೂ ಬಲ್ಲ, ದೊಡ್ಡವರಾದ ಮೇಲೆ ಮರೆಯುವ ಈ ವಿದ್ಯೆಯನ್ನು ನೆನಪಿಸಿದ್ದಕ್ಕೆ ಬೆಟ್ಟಕ್ಕೆ ಋಣಿ. ಪ್ಯಾಂಟು ಉಳಿಯಲಿಲ್ಲ. ಜಾಕೆಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡದ್ದು ಫ್ಯಾಷನ್ ಎಂದು ಗುಂಪಿನ ಕೆಲವರು ತಿಳಿದರು. ಒಬ್ಬಳು ಅದೇ ರೀತಿ ಕಟ್ಟಿಕೊಂಡಳು.

ದಾರಿಯುದ್ದಕ್ಕೂ ಬಂಡೆಯ ದೊಣೆಗಳಲ್ಲಿ ನೀರಿನ ಬಾಟಲಿಗಳು, ಚಿಪ್ಸಿನ ಕವರುಗಳು ತೇಲುತ್ತಿದ್ದವು. ಇದನ್ನೂ ದೂರುವವರಿದ್ದಾರೆ. ಈ ಬೆಟ್ಟದ ಸುತ್ತ ಬೃಹತ್‌ಶಿಲಾಯುಗದ ಜನರ ಸಮಾಧಿಗಳು ಸಿಕ್ಕಿವೆ. ಅವರು ಮಡಕೆ ಬಿಟ್ಟುಹೋದದ್ದರಿಂದ ತಾನೆ ಅವರು ಇದ್ದರೆಂದು ನಮಗೆ ಗೊತ್ತಾದದ್ದು? ಮಡಕೆ ಒಡೆಯುತ್ತದೆ. ನಮ್ಮದು ಒಡೆಯುವುದಿಲ್ಲ, ಕೊಳೆಯುವುದಿಲ್ಲ, ಮೇಲೆ ತಯಾರಾದ ತಾರೀಕೂ ಬೆಲೆಯೂ ಅಚ್ಚಾಗಿರುತ್ತವೆ. ಮುಂದೆ ಅಗೆಯುವವರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಪೀಳಿಗೆ ಇನ್ನೊಂದಿಲ್ಲ.

ಆದರೂ ಸಾವನದುರ್ಗದ ಕೀರ್ತಿ ಇನ್ನೂ ಕುಮಾರಪರ್ವತದ ಮಟ್ಟಕ್ಕೆ ಏರಿಲ್ಲ ಎಂಬುದನ್ನು ನೋವಿನಿಂದ ಒಪ್ಪಿಕೊಳ್ಳಬೇಕು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಸಾವಿರಾರು ಜನರ ಚಿತ್ರ ನಾಡಿನ ತುಂಬ ಹರಿದಾಡಿತು. ಬೆಟ್ಟ ಕಾಣಿಸಲಿಲ್ಲ, ಚೀಲಗಳು ಕಾಣಿಸಿದವು. ಸರ್ಕಾರ ಗಾಬರಿಯಾಗಿ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಎಂಬ ಲೆಕ್ಕ ತಂದಿತು. ಟಿಪ್ಪುವಿನ ಕಿಲ್ಲೇದಾರನಿಗೆ ಈ ಉಪಾಯ ಹೊಳೆದಿದ್ದರೆ ಕಾರ್ನ್‌ವಾಲಿಸ್ ಸ್ಲಾಟು ಸಿಗದೆ ವಾಪಸು ಹೋಗುತ್ತಿದ್ದ.

ನಮ್ಮ ದಂಡು ಬರುವ ಭಾನುವಾರ ಮತ್ತೆ ಹೊರಡಲಿದೆ. ನಾಲ್ಕು ಗಂಟೆಗೆ ಅದೇ ಮೆಟ್ರೋ ಕಂಬದ ಕೆಳಗೆ. ಟಿಟಿಯಲ್ಲಿ ಎರಡು ಸೀಟು ಖಾಲಿ ಇವೆ, ಅದರಲ್ಲೊಂದು ನನ್ನದು. ಬರುವವರು ಸ್ಪೀಕರ್ ತರಬೇಕಾಗಿಲ್ಲ, ಮೂರು ಇವೆ. ಆ ಹುರಿ ನನ್ನ ಹತ್ತಿರವೇ ಉಳಿದಿದೆ. ಅರ್ಧದಾರಿಯಲ್ಲಿ ಮಜ್ಜಿಗೆ ಮಾರುವ ಅಮ್ಮ ಸಿಕ್ಕರೆ ದಯವಿಟ್ಟು ಅದನ್ನು ಕೊಟ್ಟುಬಿಡಿ.