ಎರಡು ಹೊತ್ತಿನ ಅಕ್ಕ

ಹಸು ಕಟ್ಟಿದವರ ಮನೆಗೆ ನೆಂಟರಾಗಿ ಹೋಗಬಾರದು. ಹೋಗಲೇಬೇಕೆಂದರೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಮಧ್ಯಾಹ್ನ ಮೂರಕ್ಕೆ ಎದ್ದುಬಿಡಬೇಕು. ಮಿಕ್ಕ ಹೊತ್ತಿನಲ್ಲಿ ಅವರು ಮನುಷ್ಯರ ಕೈಗೆ ಸಿಗುವುದಿಲ್ಲ. ಹುಲ್ಲು, ಬೂಸಾ, ಹಿಂಡಿ, ಸಗಣಿ, ಡೇರಿ. ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ ಎಂದು ನಿಮಗನ್ನಿಸಿದರೆ, ಹೌದು, ಚನ್ನರಾಯಪಟ್ಟಣದ ಹತ್ತಿರ ಇರುವ ನನ್ನ ಅಕ್ಕನನ್ನೇ.

ಕಳೆದ ಸಲ ನಾನು ಊರು ಮುಟ್ಟಿದಾಗ ಸಂಜೆ ಐದು. ಅಕ್ಕ ಗೌರಿಯ ಹೊಟ್ಟೆಗೆ ತಲೆಯೊತ್ತಿ ಹಾಲು ಕರೆಯುತ್ತಿದ್ದಳು. ಆರು ತಿಂಗಳ ಮೇಲೆ ಬಂದ ತಮ್ಮ, ಎರಡು ಮಾತಾಡೋಣವೆಂದು ಕೊಟ್ಟಿಗೆ ಬಾಗಿಲಲ್ಲಿ ನಿಂತೆ.

"ಆಚೆ ಹೋಗೋ! ಹೊಸಬರು ನಿಂತರೆ ಇವಳು ಹಾಲು ಇಳಿಸಲ್ಲ."

ನಾನು ಹೊಸಬ! ಗೌರಿ ಈ ಮನೆಗೆ ಬಂದು 3 ವರ್ಷ. ನಾನು ಅಕ್ಕನ ತಮ್ಮನಾಗಿ 52. ಮೈಮೇಲೆ ಬೆಂಗಳೂರಿನ ಸೆಂಟು ಘಮಘಮಿಸುತ್ತಿತ್ತು ಎನ್ನುವುದೂ ನಿಜವೇ. ಹೋಗಿ ಜಗಲಿಯಲ್ಲಿ ಕೂತೆ. ಅಷ್ಟಕ್ಕೇ ಮುಗಿಯಲಿಲ್ಲ. ಡೇರಿಯಿಂದ ಖಾಲಿ ಕ್ಯಾನು ಹಿಡಿದು ಬಂದವಳು ಚೀಟಿಯನ್ನು ನನ್ನ ಮೂಗಿಗೆ ಹಿಡಿದಳು. "ಬೆಳಿಗ್ಗೆ ಫ್ಯಾಟು 4.1, ಈಗ 3.4. ಸಂಜೆ ಹಾಲಿಗೆ ಜಾಸ್ತಿ ಬರಬೇಕು, ಗೊತ್ತಾ?" ಆಮೇಲೆ ಪಶುವೈದ್ಯರೊಬ್ಬರನ್ನು ಗುಟ್ಟಾಗಿ ಕೇಳಿದೆ. ಕೆಚ್ಚಲಿನಲ್ಲಿ ಕೊನೆಗೆ ಬರುವ ಹಾಲೇ ಗಟ್ಟಿಯಂತೆ, ಬೆದರಿದ ಹಸು ಅದನ್ನೇ ತಡೆಹಿಡಿಯುತ್ತದಂತೆ. ಅಲ್ಲಿಗೆ ಆರೋಪ ಸಾಬೀತಾಯಿತು. ಮಾರನೇ ಬೆಳಿಗ್ಗೆ ಭಾವನ ಹಳೆಯ ಅಂಗಿ ತೊಟ್ಟು, ಹಿತ್ತಲಲ್ಲಿ ಕಳ್ಳನ ಹಾಗೆ ಅಡಗಿ ಕೂತೆ. ಫ್ಯಾಟು 4 ದಾಟಿತು, ನನಗೆ ಕಾಫಿ ಸಿಕ್ಕಿತು.

ಕುಡಿಯುತ್ತಾ, ನಮ್ಮ ಪ್ಯಾಕೆಟ್ ಹಾಲು ಬರೀ ನೀರು ಎಂದು ಗೊಣಗಿದೆ. ಟೋನ್ಡ್ ಹಾಲಿಗೆ 3 ಅಂತ ಅವಳಿಗೆ ಗೊತ್ತು. "ಅದನ್ನ ಕರೆಯುವಾಗಲೂ ನೀನೇ ನಿಂತಿದ್ದೆಯೇನೋ" ಅಂದಳು.

ಗೌರಿಯ ಕಿವಿಯ ಹಳದಿ ಓಲೆಯ 12 ಅಂಕಿ ಅವಳಿಗೆ ಬಾಯಿಪಾಠ. ನನ್ನ ಮೊಬೈಲಿನ 10 ಅಂಕಿಗೆ ಮಗನನ್ನು ಕರೆಯಬೇಕು. ದಿನ ಬೆಳಗಾದರೆ ಆ ಕಿವಿಯ ಬುಡ ಮುಟ್ಟಿ ನೋಡುತ್ತಾಳೆ. ತಣ್ಣಗಿದ್ದರೆ ಹಸುವಿಗೆ ಏನೋ ಆಗಿದೆ ಎಂದು ಲೆಕ್ಕ. ನನ್ನ ಮಗಳ ಮದುವೆಗೂ ಬರಲಿಲ್ಲ. ಮುಹೂರ್ತ ಸರಿಯಾಗಿ ಗೌರಿ ಗಬ್ಬ ನಿಂತ 280ನೇ ದಿನಕ್ಕೆ ಬಿದ್ದಿತ್ತು. "ಮದುವೆ ಮುಂದಕ್ಕೆ ಹಾಕಬಹುದು ಕಣೋ, ಇವಳು ಹಾಕ್ತಾಳಾ?" ಎಂದು ಕೇಳಿದ್ದಳು, ತಮಾಷೆಗಲ್ಲ. ಎರಡು ವರ್ಷ ಆ ಸಿಟ್ಟು ಇಟ್ಟುಕೊಂಡಿದ್ದೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಹೋದ ಆಷಾಢದಲ್ಲಿ ನನಗೆ ಹರ್ನಿಯಾ ಆಪರೇಷನ್ ಆಯಿತು. ಅಕ್ಕನಿಗೆ ತಿಳಿಸಿದ್ದು ಬರೀ ಶಾಸ್ತ್ರಕ್ಕೆ. ಬೆಳಗಿನ ಹಾಲು ಡೇರಿಗೆ ಹಾಕಿ, ಏಳರ ಬಸ್ಸು ಹತ್ತಿ, ಹತ್ತೂವರೆಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಒಗೆದ ಸೀರೆಯೇ, ಆದರೂ ಬೂಸಾದ ವಾಸನೆ. ನರ್ಸಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಇಲ್ಲಿ ಹೊಸಬಳು ಅವಳು.

ಹೇಗಿದೀಯ ಎಂದು ಕೇಳಲಿಲ್ಲ, ಹಣೆ ಮುಟ್ಟಲಿಲ್ಲ. ಬಗ್ಗಿ ನನ್ನ ಎರಡೂ ಕಿವಿಯ ಬುಡ ಹಿಡಿದು ನೋಡಿದಳು. ಆಮೇಲೆ ಭಾವನಿಗೆ ಫೋನು ಮಾಡಿದಳು. "ಬೆಚ್ಚಗಿದಾನೆ. ಸಂಜೆ ಹಾಲಿಗೆ ಬಂದುಬಿಡ್ತೀನಿ."