ಅರವತ್ತು ಸಾವಿರ ವರ್ಷದ ಹುಳು

ಬೆಂಗಳೂರಿನ ಕೆರೆಗಳಿಗೆ ಕ್ರೀಡೆಯ ಮೇಲಿರುವಷ್ಟು ಒಲವು ಬೇರೆ ಯಾವ ಊರಿನ ಕೆರೆಗೂ ಇರಲಾರದು. ಸಂಪಂಗಿ ಕೆರೆ ಅಥ್ಲೆಟಿಕ್ಸ್ ಸೇರಿ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆ ಫುಟ್‌ಬಾಲ್ ಹಿಡಿಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ. ಚಲ್ಲಘಟ್ಟದ ಕೆರೆ ಸಿರಿವಂತರ ಸಹವಾಸಕ್ಕೆ ಬಿದ್ದು ಗಾಲ್ಫ್ ಕಲಿಯಿತು. ಕೋರಮಂಗಲದ ಕೆರೆಯಂತೂ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರಿಗೆ ತನ್ನ ಅಂಗಳದಲ್ಲೇ ಮನೆ ಕಟ್ಟಲು ಬಿಟ್ಟಿತು. ಯಾವ ಆಟವೂ ಬಾರದ ಧರ್ಮಾಂಬುಧಿ ಮಾತ್ರ ಮೆಜೆಸ್ಟಿಕ್‌ನಲ್ಲಿ ಬಸ್ಸುಗಳ ಕೆಳಗೆ ಮಲಗಿದೆ.

ಇಷ್ಟೆಲ್ಲ ಸಾಧನೆ ಮಾಡಿದ ನಮ್ಮನ್ನು ಕಂಡರೆ ಹಳೆಯ ಶಾಸನಗಳಿಗೆ ಮಾತ್ರ ಆಗುವುದಿಲ್ಲ. ದೇವಸ್ಥಾನದ ಹಿಂದೆ, ಬಟ್ಟೆ ಒಗೆಯುವ ಜಾಗದಲ್ಲಿ, ಯಾರದೋ ಮನೆಯ ಮೆಟ್ಟಿಲ ಪಕ್ಕ ಮುಖ ಕೆಳಗೆ ಮಾಡಿಕೊಂಡು ಬಿದ್ದಿರುವ ಆ ಕಲ್ಲುಗಳು ಒಂದೇ ಸಮನೆ ನಮ್ಮನ್ನು ಶಪಿಸುತ್ತಿವೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ, ಧರ್ಮ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ನೂರಾರು ದಾನಶಾಸನಗಳ ಕೊನೆಯಲ್ಲಿ ಬರೆದಿದೆ. ಪಾಪ, ಆ ಕಾಲದ ಕಂದಾಯ ಇಲಾಖೆಗೆ ಅಕ್ರಮ-ಸಕ್ರಮ ಗೊತ್ತಿರಲಿಲ್ಲ. ಇಂತಿಷ್ಟು ದಂಡ ಕಟ್ಟಿಸಿಕೊಂಡು ಹುಳುವನ್ನು ಖಾತೆದಾರನಾಗಿ ಪರಿವರ್ತಿಸಬಹುದು ಎಂಬ ಆಡಳಿತ ಸುಧಾರಣೆ ಹೊಳೆಯಲು ಇನ್ನೂ ಕೆಲವು ಶತಮಾನ ಬೇಕಿತ್ತು. ಶಾಪವನ್ನು ಇಂದು ಜಾರಿಗೊಳಿಸುವುದಕ್ಕೆ ತಾಂತ್ರಿಕ ತೊಡಕೂ ಇದೆ. ಬೆಳ್ಳಂದೂರು ಕೆರೆಯ ನೀರಿನಲ್ಲಿ 60,000 ವರ್ಷ ಹಾಗಿರಲಿ, ಒಂದು ಮಳೆಗಾಲ ಕಳೆಯುವುದೂ ಹುಳುವಿಗೆ ಕಷ್ಟ. ನೀರಿಗೆ ಬಿದ್ದ ಬೆಂಕಿಯನ್ನು ಆರಿಸಲು 2018ರ ಜನವರಿಯಲ್ಲಿ ಸೇನೆಯವರೇ ಬರಬೇಕಾದ ಕೆರೆ ಅದು.

ಮಧ್ಯಯುಗವೆಂದರೆ ಕತ್ತಲೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಆ ಕತ್ತಲಲ್ಲೂ ಅವರಿಗೆ ಗಡಿ ಕಾಣುತ್ತಿತ್ತು ಎಂಬುದೇ ಸೋಜಿಗ. ಒಂದು ಹೊಲವನ್ನು ದಾನ ಕೊಟ್ಟರೆ ಎಂಟು ದಿಕ್ಕಿನ ಎಲ್ಲೆಯನ್ನೂ ಕಲ್ಲಿನಲ್ಲಿ ಕೊರೆಸುತ್ತಿದ್ದರು: ಮೂಡಣಕ್ಕೆ ಹುಣಸೆಮರ, ಆಗ್ನೇಯಕ್ಕೆ ಹುತ್ತ, ತೆಂಕಣಕ್ಕೆ ಹಳ್ಳ, ಪಡುವಣಕ್ಕೆ ನೆಟ್ಟ ಕಲ್ಲು. ಶಿವಾಲಯದ ಭೂಮಿಯಾದರೆ ಲಿಂಗಮುದ್ರೆಯ ಕಲ್ಲು, ಬ್ರಾಹ್ಮಣರಿಗೆ ಬಿಟ್ಟದ್ದಾದರೆ ಕೊಡೆ ಹಿಡಿದ ವಾಮನನ ಕಲ್ಲು. ಓದು ಬಾರದವನಿಗೂ ಇದು ಯಾರ ಜಾಗ ಎಂಬುದು ಚಿತ್ರ ನೋಡಿದರೆ ತಿಳಿಯಬೇಕು. ನಮ್ಮ ಕಾಲದ ಸರ್ವೆ ಕಲ್ಲು ಇದಕ್ಕಿಂತ ಮುಂದುವರಿದಿದೆ. ಅದಕ್ಕೆ ಕಾಲು ಬಂದಿದೆ. ರಾತ್ರಿ ಕೆರೆಯ ಈಚೆ ಇದ್ದದ್ದು ಬೆಳಗ್ಗೆ ಕೆರೆಯ ಒಳಗಿರುತ್ತದೆ.

ಕೆರೆ ಕಟ್ಟಿದವನಿಗೆ ಆ ಕಾಲದಲ್ಲಿ ಫಲಕ ಅನಾವರಣದ ಭಾಗ್ಯ ಇರಲಿಲ್ಲ, ಬಿಟ್ಟುವಟ್ಟ ಇತ್ತು. ಅಂದರೆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲು. ಕೆರೆ ತುಂಬಿದರೆ ಅವನ ಹೊಟ್ಟೆ ತುಂಬುತ್ತಿತ್ತು, ಏರಿ ಒಡೆದರೆ ಅವನ ಗದ್ದೆಯೇ ಮೊದಲು ಕೊಚ್ಚಿ ಹೋಗುತ್ತಿತ್ತು. ಇದೇ ಬೆಂಗಳೂರಿನ ಅಗರದಲ್ಲಿ ಎರಡು ಕೆರೆಗೆ ತೂಬು ಇಡಿಸಿ ಮೂರನೆಯದನ್ನು ಕಟ್ಟಿಸಿದವನಿಗೆ ಬಿಟ್ಟುವಟ್ಟ ಕೊಟ್ಟ ಸಂಗತಿಯನ್ನು ಗಂಗರ ಕಾಲದ ಶಾಸನ ಹೇಳುತ್ತದೆ. ಈಗಿನ ಗುತ್ತಿಗೆದಾರನಿಗೆ ಇಂಥ ತಾಪತ್ರಯವಿಲ್ಲ. ಬಿಲ್ಲು ಪಾಸಾದ ಮೇಲೆ ಏರಿ ಒಡೆಯಬಹುದು. ಒಡೆದರೆ ಮತ್ತೊಂದು ಟೆಂಡರ್.

ಆದರೆ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಅಲ್ಲೊಂದು ಕೆರೆ ಕಟ್ಟಿಸಿದ. ದಿನಕ್ಕೆ 1,000 ಆಳು, 100 ಗಾಡಿ, 2 ವರ್ಷದ ಕೆಲಸ. ಕಟ್ಟಿ ಸುಮ್ಮನಾಗದೆ, ಕೆರೆಗೆ ಬೇಕಾದ 12 ಅಂಗಗಳೇನು, ಇರಬಾರದ 6 ದೋಷಗಳೇನು ಎಂದು ಕಲ್ಲಿನ ಮೇಲೆ ಬರೆಸಿಟ್ಟ. ಆ 6 ದೋಷ ಓದುವಾಗ, ನಮ್ಮ ಕೆರೆ ಅಭಿವೃದ್ಧಿಯ ಯೋಜನಾ ವರದಿ 650 ವರ್ಷ ಮೊದಲೇ ಸೋರಿಕೆಯಾಗಿತ್ತೇ ಎಂಬ ಅನುಮಾನ ಬರುತ್ತದೆ.

ಏರಿಯಿಂದ ನೀರು ಜಿನುಗಬಾರದು ಎನ್ನುತ್ತದೆ ಶಾಸನ. ಈ ದೋಷವನ್ನು ನಾವು ಮೂಲದಲ್ಲೇ ನಿವಾರಿಸಿದ್ದೇವೆ. ಎಷ್ಟೋ ಕೆರೆಗಳಿಗೆ ಏರಿಯೇ ಇಲ್ಲ, ಅದರ ಮೇಲೆ ರಸ್ತೆ ಹೋಗಿದೆ. ಮಣ್ಣು ಚೌಳಾಗಿರಬಾರದಂತೆ. ನಮ್ಮದರಲ್ಲಿ ಉಪ್ಪಿಲ್ಲ, ಬರೀ ಸೋಪು. ನಡುವೆ ದಿಬ್ಬ ಇರಬಾರದು ಎಂಬುದು ಇನ್ನೊಂದು. ನಾವೀಗ ಹೂಳೆತ್ತಿದ ಮಣ್ಣನ್ನು ಹೊರಗೆ ಸಾಗಿಸುವ ಖರ್ಚು ಉಳಿಸಿ, ಕೆರೆಯ ಮಧ್ಯೆಯೇ ಗುಡ್ಡೆ ಹಾಕಿ, ಅದಕ್ಕೆ ಹಕ್ಕಿಗಳ ದ್ವೀಪವೆಂದು ಹೆಸರಿಟ್ಟು, ಪ್ರತ್ಯೇಕ ಅಂದಾಜುಪಟ್ಟಿ ತಯಾರಿಸುತ್ತೇವೆ. ನೆಲ ಹೆಚ್ಚು, ನೀರು ಕಡಿಮೆ ಎಂಬುದೂ ದೋಷ. ನೀರು ಹೆಚ್ಚು, ನೆಲ ಕಡಿಮೆ ಎಂಬುದೂ ದೋಷ. ಏಪ್ರಿಲ್‌ನಲ್ಲಿ ಮೊದಲನೆಯದು, ಸೆಪ್ಟೆಂಬರ್‌ನಲ್ಲಿ ಎರಡನೆಯದು ಒಂದೇ ಊರಿನಲ್ಲಿ ಸಿಗುವಂತೆ ಮಾಡಿದ್ದು ನಮ್ಮ ಎಂಜಿನಿಯರಿಂಗ್.

ಉಳಿದ ದೋಷ ನನಗೆ ತೀರಾ ಇಷ್ಟ. ಕೆರೆ ಎರಡು ರಾಜ್ಯಗಳ ಗಡಿಯಲ್ಲಿ ಇರಬಾರದು! ಇಬ್ಬರು ಅರಸರ ನಡುವೆ ಸಿಕ್ಕಿದ ಕೆರೆಯನ್ನು ಯಾರೂ ನೋಡಿಕೊಳ್ಳುವುದಿಲ್ಲ ಎಂಬ ಸರಳ ಲೆಕ್ಕ. ಭಾಸ್ಕರನಿಗೆ ಎರಡು ರಾಜ್ಯಕ್ಕೇ ಇಷ್ಟು ಭಯ. ನಮ್ಮ ಕೆರೆಯ ನೀರು ಒಬ್ಬರದು, ಅದರೊಳಗಿನ ಕೊಳಚೆ ಜಲಮಂಡಳಿಯದು, ನೊರೆ ಮಾಲಿನ್ಯ ನಿಯಂತ್ರಣ ಮಂಡಳಿಯದು, ದಾಖಲೆ ಕಂದಾಯ ಇಲಾಖೆಯದು, ರಾಜಕಾಲುವೆ ಪಾಲಿಕೆಯದು. ಇಷ್ಟೂ ಸಾಲದೆಂದು 2025ರಲ್ಲಿ ಒಂದು ಪಾಲಿಕೆಯನ್ನು ಒಡೆದು ಐದು ಮಾಡಿಕೊಂಡೆವು. ಭಾಸ್ಕರ ಇಂದು ಬಂದು ನೋಡಿದರೆ ಹೊಸ ಶಾಸನ ಕೊರೆಸಲು ಯಾವ ಕಚೇರಿಗೆ ಅರ್ಜಿ ಕೊಡಬೇಕೆಂದು ತಿಳಿಯದೆ ಕಡಪಕ್ಕೆ ಹಿಂದಿರುಗುತ್ತಾನೆ.

ಸಮಿತಿಗಳಿಲ್ಲವೇ ಎಂದು ಕೇಳಬೇಡಿ. 1985ರಲ್ಲೇ ಲಕ್ಷ್ಮಣರಾವ್ ಸಮಿತಿ ರಚನೆಯಾಗಿ ಕೆರೆಗಳನ್ನು ಉಳಿಸಿ ಎಂದಿತ್ತು. ಆಮೇಲೂ ಬಂದವು. ವರದಿಗಳನ್ನು ಕೆರೆಯೊಳಗೆ ಹಾಕಿದ್ದರೆ ಇನ್ನೂ ಒಂದು ಮೈದಾನ ಆಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಈ ಸೀಮೆಯನ್ನೆಲ್ಲ ಸುತ್ತಿ, ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಜಾಣ್ಮೆ ಬೇಕು ಎಂದು ಬರೆದಿದ್ದ. ಅಷ್ಟು ಬಿಗಿಯಾಗಿ ಒಂದರ ಕೋಡಿಗೆ ಇನ್ನೊಂದನ್ನು ಪೋಣಿಸಿ ಹಿಂದಿನವರು ಕಟ್ಟಿ ಮುಗಿಸಿದ್ದರು. ನದಿಯಿಲ್ಲದ ದಿಣ್ಣೆಯ ಮೇಲಿನ ಈ ಊರಿಗೆ ನೀರು ನಿಂತದ್ದೇ ಹಾಗೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ. ಸ್ಯಾಂಕಿ ಕಂಡ ಜಾಣ್ಮೆ ಈಗಲೂ ಬೇಕು. ಹಳೆಯ ಕೆರೆ ಎಲ್ಲಿತ್ತೆಂದು ಹುಡುಕುವುದಕ್ಕೆ.

ಅದೂ ಅಷ್ಟೇನೂ ಕಷ್ಟವಲ್ಲ, ದೊಡ್ಡದೊಂದು ಮಳೆ ಬಂದರೆ ಸಾಕು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತ ಹಳೆಯ ಹಳ್ಳ, ಕಾಲುವೆ, ಅಚ್ಚುಕಟ್ಟುಗಳೆಲ್ಲ ಒಂದೇ ರಾತ್ರಿಯಲ್ಲಿ ಮತ್ತೆ ಎದ್ದು ಕಂಡವು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ನಿಂತು ಆಫೀಸಿಗೆ ಹೋದರು. ಗದ್ದೆಬಯಲಿನಲ್ಲಿ ಓಡಾಡಲು ಟ್ರ್ಯಾಕ್ಟರೇ ಸರಿ ಎಂಬುದು ರೈತರಿಗೆ ಮೊದಲಿಂದಲೂ ಗೊತ್ತಿತ್ತು. ಮರುದಿನ ಟಿವಿಯವರು ಮನೆಗಳಿಗೆ ಕೆರೆ ನುಗ್ಗಿದೆ ಎಂದು ಕೂಗಿದರು. ಯಾರು ಎಲ್ಲಿಗೆ ಮೊದಲು ನುಗ್ಗಿದ್ದು ಎಂಬುದನ್ನು ಕೇಳುವಷ್ಟು ಸಮಯ ಅವರಿಗೆ ಇರಲಿಲ್ಲ.

ಮತ್ತೆ ಕಲ್ಲುಗಳ ಮಾತಿಗೆ ಬಂದರೆ, ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ಊರಿಗಾಗಿ ಕಾದಾಡಿ ಸತ್ತವನ ಕಲ್ಲು. ಬೇಗೂರಿನ ಶಾಸನ ಸುಮಾರು 890ರಲ್ಲೇ ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಮಿಥಿಕ್ ಸೊಸೈಟಿಯವರು ಇಂಥ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಒಳ್ಳೆಯ ಕೆಲಸ, ಬೇಗ ಮಾಡಲಿ. ಜೆಸಿಬಿಗೂ ಮೂರು ಆಯಾಮದಲ್ಲಿ ಕೆಲಸ ಮಾಡಲು ಬರುತ್ತದೆ.

ನಿಮಗೊಂದು ಮಾತು. ಸೈಟು ತೋರಿಸುವವನು 'ಲೇಕ್ ವ್ಯೂ' ಅಂದರೆ ಕೆರೆ ಎಲ್ಲಿದೆ ಎಂದು ಕೇಳಿ. ಕಾಲ ಕೆಳಗೆ ತೋರಿಸಿದರೆ ಎದ್ದು ಬನ್ನಿ. ಸರ್ಕಾರದ್ದೇ ದಿಶಾಂಕ್ ಆ್ಯಪ್ ಪುಕ್ಕಟೆ ಸಿಗುತ್ತದೆ, ನಿಂತ ಜಾಗದ ಸರ್ವೆ ನಂಬರನ್ನು ಹಳೆಯ ಗ್ರಾಮ ನಕ್ಷೆಯ ಮೇಲೆ ತೋರಿಸುತ್ತದೆ. ಅದರಲ್ಲಿ ಹಳ್ಳವೋ ಕೆರೆಯೋ ಕಂಡರೆ ಅಡ್ವಾನ್ಸ್ ಕೊಡಬೇಡಿ.